ಹಳ್ಳದ ದಂಡೆಗೆ ಹುಲ್ಲುಹಾಸು ಬೇಡ

ಪ್ರಶ್ನೆ: ಶ್ರೀರಂಗಪಟ್ಟಣದ ಬಳಿ ನಮ್ಮ ಜಮೀನಿನ ಅಂಚಿನಲ್ಲಿ ಹಳ್ಳ ಹರಿಯುತ್ತದೆ. ಮಳೆಗಾಲದಲ್ಲಿ ದಂಡೆ ಕುಸಿಯುತ್ತಿದೆ. ಪೊದೆಗಳನ್ನೆಲ್ಲ ತೆಗೆಸಿ ಹುಲ್ಲುಹಾಸು ಮಾಡಿಸಿ, ಬೇಲಿಗೆ ಕೊನೊಕಾರ್ಪಸ್ ನೆಡಿ ಎಂದು ನರ್ಸರಿಯವರು ಹೇಳುತ್ತಿದ್ದಾರೆ. ಸರಿಯೇ?

ಉತ್ತರ: ಸರಿಯಲ್ಲ. ಮುಂಗಾರು ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ದಂಡೆಯನ್ನು ಇಷ್ಟಾದರೂ ಹಿಡಿದಿಟ್ಟಿರುವುದು ನೀವು ತೆಗೆಸಲು ಹೊರಟಿರುವ ಆ ಪೊದೆಗಳೇ. ಪದೇ ಪದೇ ಕತ್ತರಿಸಿದ ಹುಲ್ಲಿನ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ; ಅದನ್ನು ಹಸಿರಾಗಿಡಲು ಎರಚುವ ಯೂರಿಯಾ ಮಳೆನೀರಿನೊಂದಿಗೆ ಹಳ್ಳ ಸೇರಿ ಪಾಚಿಯನ್ನು ಬೆಳೆಸುತ್ತದೆ, ಆ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಇಳಿದು ಮೀನುಗಳು ಸಾಯುತ್ತವೆ. ಕೊನೊಕಾರ್ಪಸ್ ನಮ್ಮ ನೆಲದ ಗಿಡವಲ್ಲ. ಗುಜರಾತ್ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಬೇಗ ಬೆಳೆಯುತ್ತದೆ ಎಂಬುದನ್ನು ಬಿಟ್ಟರೆ ಮಾರುವವರ ಬಳಿ ಬೇರೆ ವಾದವಿಲ್ಲ.

ನೀರಿನಂಚಿಗೆ ಲಾವಂಚ ಮತ್ತು ಬಜೆ, ಇಳಿಜಾರಿಗೆ ಲಕ್ಕಿ ಮತ್ತು ಹೊಂಗೆ, ಮೇಲಿನ ಸಮತಟ್ಟಿಗೆ ಹೊಳೆಮತ್ತಿ, ಅತ್ತಿ, ನೇರಳೆ ನೆಡಿ. ಲಾವಂಚದ ಬೇರು ನೇರವಾಗಿ ಆಳಕ್ಕಿಳಿದು ಮಣ್ಣನ್ನು ಕಟ್ಟಿಹಾಕುತ್ತದೆ. ಅತ್ತಿಯ ಹಣ್ಣಿಗೆ ಕುಟ್ರ ಹಕ್ಕಿಗಳೂ ಬಾವಲಿಗಳೂ ಬರುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಊರೊಳಗಿನ ಹಳೆಯ ಹುಣಸೆ ಮರಗಳ ಮೇಲೆಯೇ ಹೊರತು ಅಲಂಕಾರಕ್ಕೆ ತಂದ ತಾಳೆಗಳ ಮೇಲಲ್ಲ ಎಂಬುದನ್ನು ನರ್ಸರಿಯವರಿಗೂ ತಿಳಿಸಿ. ಪೊದೆಗಳ ನಡುವೆ ಲಂಟಾನ ಇದ್ದರೆ ಅದನ್ನು ಮಾತ್ರ ತೆಗೆಯಿರಿ. ಆದರೆ ಒಂದೇ ಸಲ ಬೋಳಿಸದೆ, ಸ್ವಲ್ಪ ಸ್ವಲ್ಪವೇ ಬೇರುಸಹಿತ ಕಿತ್ತು, ಕಿತ್ತ ಜಾಗದಲ್ಲಿ ಕೂಡಲೇ ಸಸಿ ನೆಡಿ. ಕಳೆನಾಶಕವನ್ನು ನೀರಿನ ಹತ್ತಿರ ತರಲೇಬೇಡಿ. ಜೂನ್‌ನಲ್ಲಿ ನೆಟ್ಟರೆ ಅಕ್ಟೋಬರ್‌ವರೆಗಿನ ಮಳೆ ಸಿಗುತ್ತದೆ.

ಒಂದು ಎಚ್ಚರಿಕೆ: ಇದೆಲ್ಲ ಹಳ್ಳಕ್ಕೆ ಹೇಳಿದ್ದು, ವಿಶ್ವೇಶ್ವರಯ್ಯ ನಾಲೆಯ ಏರಿಗಲ್ಲ. ಏರಿಯ ಮೇಲೆ ಮರ ಬೆಳೆದು ಮುಂದೆ ಅದರ ಬೇರು ಕೊಳೆತರೆ, ಆ ಪೊಳ್ಳಿನಲ್ಲಿ ನೀರು ಜಿನುಗಿ ಏರಿಯೇ ಒಡೆಯಬಹುದು. ಅಲ್ಲಿ ನೀರಾವರಿ ಇಲಾಖೆಯನ್ನು ಕೇಳದೆ ಒಂದು ಗುಂಡಿಯನ್ನೂ ತೋಡಬೇಡಿ.

ಪ್ರಶ್ನೆ: ಕೇದಗೆ ನೆಟ್ಟರೆ ಪರಿಮಳಕ್ಕೆ ಹಾವು ಬರುತ್ತದೆಯೇ?

ಉತ್ತರ: ಇಲ್ಲ. ಹಾವು ಬರುವುದು ಇಲಿ, ಕಪ್ಪೆಗಳಿಗಾಗಿ.

ಪ್ರಶ್ನೆ: ಸೊಳ್ಳೆ ನಿಯಂತ್ರಣಕ್ಕೆ ಹಳ್ಳದಲ್ಲಿ ಗಪ್ಪಿ ಮೀನು ಬಿಡಬಹುದೇ?

ಉತ್ತರ: ಬೇಡ. ಅದು ಹೊರನಾಡಿನ ಮೀನು. ಮನೆಯ ಸಿಮೆಂಟ್ ತೊಟ್ಟಿಯಲ್ಲಿ ಸಾಕಿಕೊಳ್ಳಿ.

ಪ್ರಶ್ನೆ: ಕೆರೆಗೆ ಸುರಿದರೆ ವಾರದಲ್ಲಿ ನೀರು ತಿಳಿಯಾಗುವ ದ್ರಾವಣವನ್ನು ಒಬ್ಬರು ಮಾರುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಚರಂಡಿ ನೀರು ಕೆರೆಗೆ ಬಂದು ಬೀಳುತ್ತಿರುವವರೆಗೆ ಯಾವ ದ್ರಾವಣವೂ ವ್ಯರ್ಥ. ಅವರಿಗೆ ಮುಂಗಡವನ್ನೂ ಕೊಡಬೇಡಿ.