ಪ್ರಾರ್ಥನೆ ಬರೋ ಪುಟ ಹಾರಿಸಿ ಓ'ಮ್ಯಾಲಿ ಸರಣಿ ಓದಬಹುದಾ?

ಬೇಡ, ದಯವಿಟ್ಟು ಹಾರಿಸ್ಬೇಡಿ. ಓ'ಮ್ಯಾಲಿ ಅಂದ್ರೆ ಅಮೆರಿಕದ ಡೀ ಹೆಂಡರ್ಸನ್ ಬರೆದ ಆರು ಕ್ರಿಶ್ಚಿಯನ್ ಸಸ್ಪೆನ್ಸ್ ಪ್ರೇಮ ಕಾದಂಬರಿಗಳ ಸರಣಿ. ಒಬ್ಬರಿಗೊಬ್ರು ಜೀವ ಕೊಡೋ ಅಣ್ಣ ತಂಗಿಯರ ಕಥೆ ಇಷ್ಟ, ಸಸ್ಪೆನ್ಸೂ ಬೇಕು, ಆದ್ರೆ ನಾನು ಕ್ರಿಶ್ಚಿಯನ್ ಅಲ್ಲ, ದೇವರ ವಿಷಯ ಬಂದ ಕಡೆ ಪುಟ ತಿರುವಿದ್ರೆ ಏನು ನಷ್ಟ ಅಂತ ಕೇಳಿದೀರ. ನಾನು ಮಾಡಿದ್ದೂ ಅದನ್ನೇ.

ನಮ್ದು ದಾವಣಗೆರೆ ಕಡೆ. ಮದುವೆ ಆಗಿ ಇಲಿನಾಯ್‌ಗೆ ಬಂದಾಗ ವೀಸಾದಲ್ಲಿ ಕೆಲಸ ಮಾಡೋ ಹಾಗಿರ್ಲಿಲ್ಲ, ಯಜಮಾನ್ರು ಬೆಳಿಗ್ಗೆ ಹೋದ್ರೆ ಸಂಜೆ ಬರೋರು, ಹೊರಗೆ ಹಿಮ, ಮಾತಾಡೋಕೆ ಯಾರೂ ಇಲ್ಲ. ಪಕ್ಕದ ಮನೇಲಿ ವಯಸ್ಸಾದ ನರ್ಸ್ ಒಬ್ರಿದ್ರು, ರಿಟೈರ್ ಆಗಿದ್ರು. ಒಂದಿನ ಬಾಗಿಲಿಗೆ ಬಂದು ಓದೋ ಅಭ್ಯಾಸ ಇದೆಯಾ ಅಂತ ಕೇಳಿ ಈ ಸರಣಿಯ ಮೊದಲನೇ ಪುಸ್ತಕ 'ದಿ ನೆಗೋಶಿಯೇಟರ್' ಕೈಗಿಟ್ರು. ಕಥೆ ನಡೆಯೋದು ಶಿಕಾಗೋದಲ್ಲಿ, ನಮ್ಮನೆಯಿಂದ ಟ್ರೈನಲ್ಲಿ ಹೋಗಿಬರೋ ಊರು, ಅದಕ್ಕೇ ಇನ್ನೂ ಖುಷಿ ಆಯ್ತು.

ಅದರಲ್ಲಿ ಏಳು ಜನ ಇದಾರೆ, ಒಬ್ಬರಿಗೂ ಒಬ್ಬರಿಗೂ ರಕ್ತಸಂಬಂಧ ಇಲ್ಲ. ಒಂದೇ ಅನಾಥಾಶ್ರಮದಲ್ಲಿ ಬೆಳೆದು, ದೊಡ್ಡವರಾದ್ಮೇಲೆ ಕಾನೂನು ಪ್ರಕಾರ ಎಲ್ಲರೂ ಓ'ಮ್ಯಾಲಿ ಅಂತ ಒಂದೇ ಹೆಸರಿಟ್ಕೊಂಡು ತಾವೇ ಒಂದು ಮನೆ ಕಟ್ಕೊಂಡವರು. ದೊಡ್ಡಣ್ಣ ಮಾರ್ಕಸ್ ಯು.ಎಸ್. ಮಾರ್ಷಲ್ (ಅಲ್ಲಿನ ಕೇಂದ್ರ ಸರ್ಕಾರದ ಪೊಲೀಸ್ ಅಧಿಕಾರಿ), ಕೇಟ್ ಪೊಲೀಸಲ್ಲಿ ಒತ್ತೆಯಾಳುಗಳನ್ನ ಬಿಡಿಸೋಕೆ ಮಾತುಕತೆ ನಡೆಸೋಳು, ಲೀಸಾ ಫೋರೆನ್ಸಿಕ್ ಡಾಕ್ಟರ್, ಜ್ಯಾಕ್ ಫೈರ್ ಬ್ರಿಗೇಡು, ರೇಚಲ್ ದುರಂತ ನಡೆದ ಕಡೆ ಜನರ ಮನಸ್ಸಿಗೆ ಧೈರ್ಯ ತುಂಬೋ ಸೈಕಾಲಜಿಸ್ಟ್, ಸ್ಟೀಫನ್ ಆಂಬುಲೆನ್ಸಲ್ಲಿ ಪ್ಯಾರಾಮೆಡಿಕ್, ಕಿರಿಯವಳು ಜೆನಿಫರ್ ಮಕ್ಕಳ ಡಾಕ್ಟರು. ಒಬ್ಬರಿಗೆ ಕಷ್ಟ ಅಂದ್ರೆ ಉಳಿದ ಆರೂ ಜನ ಮಾಡ್ತಿರೋ ಕೆಲಸ ಅಲ್ಲೇ ಬಿಟ್ಟು ಓಡಿಬರ್ತಾರೆ. ಸ್ವಂತ ಅಣ್ಣಂದಿರು ಏಳು ಸಮುದ್ರದಾಚೆ ಇದ್ದ ನನಗೆ ಅದು ಎಷ್ಟು ಹಿಡಿಸ್ತು ಅಂದ್ರೆ ಅನ್ನಕ್ಕಿಟ್ಟಿದ್ದು ಸೀದುಹೋದ್ರೂ ಗೊತ್ತಾಗ್ತಿರ್ಲಿಲ್ಲ.

ಶುರುವಿನಲ್ಲೇ ಒಂದು ಬ್ಯಾಂಕು, ಒಳಗೆ ಒಬ್ಬ ಜನರನ್ನ ಒತ್ತೆ ಇಟ್ಕೊಂಡಿದಾನೆ, ಕೇಟ್ ಅವನ ಹತ್ರ ಮಾತಾಡೋಕೆ ಹೋಗ್ತಾಳೆ. ಸಿಕ್ಕಿಹಾಕ್ಕೊಂಡವರಲ್ಲಿ ಎಫ್‌ಬಿಐನ ಡೇವ್ ರಿಚ್ಮನ್ ಕೂಡ ಇದಾನೆ. ಅಲ್ಲಿಂದ ಇಬ್ಬರ ಕಥೆ ಶುರು. ನಾನು ಬ್ಯಾಂಕ್ ಸೀನು, ಬಾಂಬು, ತನಿಖೆ ಎಲ್ಲಾ ಒಂದಕ್ಷರ ಬಿಡದೆ ಓದಿದೆ. ಪ್ರಾರ್ಥನೆ, ಬೈಬಲ್ಲು, ಜೀಸಸ್ ಅಂತ ಕಂಡ ತಕ್ಷಣ ಬೆರಳು ತಾನಾಗೇ ಮುಂದಿನ ಪುಟಕ್ಕೆ ಹೋಗ್ತಿತ್ತು. ಮತಪ್ರಚಾರ, ನಮಗ್ಯಾಕೆ ಅನ್ನೋ ಭಾವನೆ.

ಇದರಿಂದ ಏನಾಯ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವು ಕೇಳಿರೋದೇ ಅದು. ಡೇವ್‌ಗೆ ಕೇಟ್ ಮೇಲೆ ಪ್ರಾಣ, ಆದ್ರೂ ಹಿಂದೆ ಸರೀತಾನೆ. ನನಗೆ ಕೋಪ ಬಂತು, ಏನಪ್ಪಾ ಇವನು ಹುಡುಗಿ ಮನಸ್ಸಿನ ಜೊತೆ ಆಟ ಆಡ್ತಿದಾನೆ ಅಂತ. ಕಾರಣ ಇದ್ದಿದ್ದು ನಾನು ಹಾರಿಸಿದ ಪುಟಗಳಲ್ಲೇ. ಅವನು ನಂಬಿಕೆ ಇರೋ ಕ್ರಿಶ್ಚಿಯನ್, ಅವಳಿಗೆ ನಂಬಿಕೆ ಇಲ್ಲ, ನಂಬದವರ ಜೊತೆ ಜೋಡಿ ಆಗ್ಬೇಡಿ ಅಂತ ಬೈಬಲ್ಲಲ್ಲಿ ಕೊರಿಂಥದವರಿಗೆ ಪೌಲ ಬರೆದ ಎರಡನೇ ಪತ್ರದಲ್ಲಿ ಇದೆ, ಅದನ್ನ ಅವನು ಪಾಲಿಸೋನು. ಹಾಗಂತ ಒತ್ತಾಯ ಮಾಡಿ ನಂಬಿಸೋಕೂ ಆಗಲ್ಲ, ಸುಮ್ನೆ ನನಗೋಸ್ಕರ ಹೂಂ ಅನ್ನು ಅಂತ ಕೇಳೋಕೂ ಆಗಲ್ಲ. ಈ ಥರದ ಕಾದಂಬರಿಲಿ ಹುಡುಗ ಹುಡುಗಿ ಮಧ್ಯದ ಅಡ್ಡಗೋಡೆ ಅಂದ್ರೆ ಇದೇ, ಅಪ್ಪ ಒಪ್ಪಲ್ಲ, ಹಣ ಇಲ್ಲ ಅನ್ನೋದಲ್ಲ. ಇದನ್ನ ತೆಗೆದುಬಿಟ್ರೆ ಪ್ರೇಮಕಥೆಗೆ ಅರ್ಥಾನೇ ಇರಲ್ಲ, ಬರೀ ಇಬ್ಬರು ಕಾರಣ ಇಲ್ದೆ ಮುನಿಸ್ಕೊಂಡ ಹಾಗೆ ಕಾಣುತ್ತೆ.

ಇನ್ನೊಂದು, ಇದು ದೊಡ್ಡದು. ಇಡೀ ಸರಣಿಯನ್ನ ಕಟ್ಟಿರೋ ದಾರ ಜೆನಿಫರ್. ಅವಳಿಗೆ ಕ್ಯಾನ್ಸರ್ ಅಂತ ಮೊದಲನೇ ಪುಸ್ತಕದಲ್ಲೇ ಗೊತ್ತಾಗುತ್ತೆ. ಅವಳಿಗೆ ಹೊಸದಾಗಿ ನಂಬಿಕೆ ಬಂದಿದೆ, ತನ್ನ ಅಣ್ಣ ಅಕ್ಕಂದಿರೂ ನಂಬ್ಲಿ ಅನ್ನೋದೊಂದೇ ಆಸೆ. ಉಳಿದವರಿಗೆ ಅದು ಸುಲಭ ಅಲ್ಲ, ಮತ್ತೆ ಅವರ ತಕರಾರು ಅವರವರ ಕೆಲಸದಿಂದಾನೇ ಹುಟ್ಟಿದ್ದು. ಕೇಟ್ ದಿನಾ ಕ್ರಿಮಿನಲ್‌ಗಳ ಎದುರು ಕೂತ್ಕೊಳ್ಳೋಳು, ಇಂಥವರನ್ನೂ ಕ್ಷಮಿಸೋ ದೇವರು ನ್ಯಾಯವಂತ ಹೇಗಾಗ್ತಾನೆ ಅಂತ ಅವಳ ಪ್ರಶ್ನೆ. ಲೀಸಾ ಹೆಣಗಳ ಮಧ್ಯೆ ಕೆಲಸ ಮಾಡೋಳು, ಸತ್ತ ಜೀಸಸ್ ಮೂರನೇ ದಿನ ಎದ್ದು ಬಂದ ಅಂದ್ರೆ ಅವಳು ಹೇಗೆ ಒಪ್ಬೇಕು? ಸಾವು ಅಂದ್ರೆ ಏನು ಅಂತ ಮನೇಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರೋಳು ಅವಳು, ಅದೂ ತಂಗಿ ಕಾಯಿಲೆ ಬಿದ್ದಿರೋ ಹೊತ್ತಲ್ಲಿ. ಆ ಜಗ್ಗಾಟ 'ದಿ ಟ್ರೂತ್ ಸೀಕರ್' ಅನ್ನೋ ಮೂರನೇ ಪುಸ್ತಕದಲ್ಲಿದೆ. ನಾನು ಅದನ್ನ ಓದಿ ಕೊಲೆಗಾರ ಯಾರು ಅಂತ ತಿಳ್ಕೊಂಡೆ, ಲೀಸಾ ಯಾರು ಅಂತ ತಿಳ್ಕೊಳ್ಳಲಿಲ್ಲ.

ಅದನ್ನ ವಾಪಸ್ ಕೊಡೋಕೆ ಹೋದಾಗ ಪಕ್ಕದ ಮನೆ ನರ್ಸ್ ಕಾಫಿ ಕೊಟ್ಟು ಕೂರಿಸ್ಕೊಂಡ್ರು. ಲೀಸಾ ಕೇಳೋ ಪ್ರಶ್ನೆ ನಿನಗೆ ಹೇಗನ್ಸ್ತು, ನಿಮ್ಮಲ್ಲಿ ಸಾವಿನ ಬಗ್ಗೆ ಏನು ಹೇಳ್ತಾರೆ ಅಂದ್ರು. ನಾನು ಯಾವ ಪ್ರಶ್ನೆ ಅಂದೆ. ಅವರು ಏನೂ ಅನ್ಲಿಲ್ಲ, ಆ ಪುಟ ತೆಗೆದು ನನ್ನ ಕಡೆ ತಿರುಗಿಸಿದ್ರು. ಪಕ್ಕದಲ್ಲಿ ಪೆನ್ಸಿಲಲ್ಲಿ ಗೆರೆ, ಚಿಕ್ಕ ಅಕ್ಷರದಲ್ಲಿ ಏನೇನೋ ಬರ್ಕೊಂಡಿದಾರೆ, ಒಂದು ಕಡೆ ಗಂಡ ತೀರಿಕೊಂಡ ತಾರೀಕು. ಆಸ್ಪತ್ರೇಲಿ ಜೀವನಪೂರ್ತಿ ಸಾವು ನೋಡಿದ ಹೆಂಗಸು ನನ್ನ ಹತ್ರ ಮಾತಾಡ್ಬೇಕು ಅಂತಿದ್ದಿದ್ದು ಆ ಪುಟದ ಬಗ್ಗೆ, ನಾನು ನೋಡಿದ ತಕ್ಷಣ ತಿರುವಿ ಹಾಕ್ತಿದ್ದಿದ್ದು ಅದನ್ನೇ. ಆಮೇಲೆ ಸಿಕ್ಕಾಗೆಲ್ಲ ಪ್ರೀತಿಯಿಂದಾನೇ ಮಾತಾಡ್ಸೋರು ಆದ್ರೆ ಪುಸ್ತಕದ ಸುದ್ದಿ ಎತ್ತಲಿಲ್ಲ. ಸ್ವಲ್ಪ ದಿನಕ್ಕೆ ಮಗನ ಮನೆಗೆ ಅಂತ ಬೇರೆ ರಾಜ್ಯಕ್ಕೆ ಹೋದ್ರು. ನಾನು ಲೈಬ್ರರಿಯಿಂದ ತಂದು ಮೊದಲಿಂದ ಪೂರ್ತಿ ಓದೋ ಹೊತ್ತಿಗೆ ಕೂತು ಮಾತಾಡೋಕೆ ಅವರು ಇರ್ಲಿಲ್ಲ.

ಆಯ್ತು, ಈಗ ನಿಮ್ಮ ವಿಷಯ. ಓದಿದ್ರೆ ಎಲ್ಲಿ ನಂಬಿಬಿಡ್ತೀನೋ ಅನ್ನೋ ಭಯ ಬೇಡ, ನಾನು ಅಷ್ಟೂ ಓದಿದೀನಿ, ಇವತ್ತಿಗೂ ಕೊರಳಲ್ಲಿ ಲಿಂಗ ಇದೆ. ವಚನ ಓದೋಕೆ ಲಿಂಗಾಯತರೇ ಆಗ್ಬೇಕಾ? ನಿಮಗೆ ಇಷ್ಟ ಅಂತ ಹೇಳಿದ ಆ ಕುಟುಂಬದವರು ರಾತ್ರಿ ಫೋನ್ ಮಾಡ್ಕೊಂಡು ಜಗಳ ಆಡೋದೂ, ಅಳೋದೂ ಈ ವಿಷಯಕ್ಕೇನೇ. ಅದು ಬೇಡ ಅಂದ್ರೆ ಮಾಮೂಲಿ ಥ್ರಿಲ್ಲರ್ ಓದಿ, ಖಂಡಿತ ಇದಕ್ಕಿಂತ ಬಿಗಿಯಾಗಿರೋವು ಸಿಗ್ತಾವೆ. ನನ್ನ ಕೇಳಿದ್ರೆ ಈ ಸರಣಿಲಿ ವಿಲನ್‌ಗಳು ಸುಮಾರು, ಕೆಲವು ಕಡೆ ದೇವರ ಮಾತು ಉದ್ದ ಆಯ್ತು ಅಂತಾನೂ ಅನ್ಸುತ್ತೆ. ಆದ್ರೆ ಆ ಏಳು ಜನ ಬೇರೆ ಎಲ್ಲೂ ಸಿಗಲ್ಲ.

ಯಾವುದಾದ್ರೂ ಒಂದು ತಗೊಂಡು ಶುರು ಮಾಡ್ಲಾ ಅಂತ ಕೇಳಿದೀರಲ್ಲ, ಅದೂ ಬೇಡ. ಒಂದೊಂದರಲ್ಲಿ ಒಂದೊಂದು ಜೋಡಿ, ಒಂದೊಂದು ಕೇಸು ಮುಗಿಯುತ್ತೆ ನಿಜ, ಜೆನಿಫರ್ ಕಥೆ ಮಾತ್ರ ಎಲ್ಲದರಲ್ಲೂ ಮುಂದುವರಿಯುತ್ತೆ, ಕೊನೇದನ್ನ ಮೊದಲು ಹಿಡಿದ್ರೆ ಅವಳು ಏನಾದ್ಲು ಅಂತ ಗೊತ್ತಾಗಿಬಿಡುತ್ತೆ. ನೆಗೋಶಿಯೇಟರ್ (2000), ಆಮೇಲೆ ಗಾರ್ಡಿಯನ್, ಟ್ರೂತ್ ಸೀಕರ್, ಪ್ರೊಟೆಕ್ಟರ್, ಹೀಲರ್, ಕೊನೆಗೆ ರೆಸ್ಕ್ಯೂಯರ್ (2003). ಡೇವ್‌ನ ತಂಗಿ ಕಥೆ 'ಡೇಂಜರ್ ಇನ್ ದಿ ಶ್ಯಾಡೋಸ್' 1999ರದ್ದು, ಅದನ್ನ ಇವೆಲ್ಲಕ್ಕಿಂತ ಮೊದಲೇ ಓದಿದ್ರೆ ಒಳ್ಳೇದು. ಜೆನಿಫರ್ ಪ್ರೇಮಕಥೆ ಅಂತ 2013ರಲ್ಲಿ ಒಂದು ಪುಟ್ಟ ಪುಸ್ತಕ ಬಂತು, ಕಾಲದ ಲೆಕ್ಕಕ್ಕೆ ನೆಗೋಶಿಯೇಟರ್‌ಗಿಂತ ಹಿಂದಿನ ಕಥೆ, ಆದ್ರೂ ಅದನ್ನ ಕಡೇಲೇ ಓದಿ, ಆಗಲೇ ಅದು ತಟ್ಟೋದು. ಇದೆಲ್ಲಾ ಮುಗಿದ್ಮೇಲೆ ಇನ್ನೂ ಬೇಕು ಅನ್ಸಿದ್ರೆ ಡ್ಯಾನಿ ಪೆಟ್ರಿ ಬರೆದ ಅಲಾಸ್ಕಾದ ಮೆಕೆನ್ನಾ ಅಣ್ಣ ತಂಗಿಯರ ಸರಣಿ ಇದೆ, 2012ರ 'ಸಬ್‌ಮರ್ಜ್ಡ್' ಮೊದಲನೇದು, ಅದೂ ಚೆನ್ನಾಗಿದೆ.

ನಿಮ್ಮ ಲೈಬ್ರರೀಲಿ ಆರೂ ಇಲ್ದಿದ್ರೆ ಕೌಂಟರಲ್ಲಿ ಕೇಳಿ, ಅಮೆರಿಕಾದಲ್ಲಿದ್ರೆ ಬೇರೆ ಊರಿನ ಲೈಬ್ರರಿಯಿಂದ ತರಿಸಿಕೊಡ್ತಾರೆ, ನನಗೆ ಹಾಗೇ ಸಿಕ್ಕಿದ್ದು. ಲೀಸಾ ಪುಸ್ತಕ ಮುಗಿಸಿದ್ಮೇಲೆ ಇಲ್ಲೇ ಕೆಳಗೆ ಬರೀರಿ, ಅದರ ಬಗ್ಗೆ ಮಾತಾಡೋಕೆ ನಾನಿದೀನಿ.