ಇಂಗ್ಲಿಷ್‌ನಲ್ಲಿ ಒಳ್ಳೆಯ ಅಂಕ ಪಡೆದ ಪದವೀಧರರೂ ಕಚೇರಿಯ ಇಮೇಲ್ ಬರೆಯಲು ತಡವರಿಸುವುದೇಕೆ?

ಇಂಥ ಪದವೀಧರರಲ್ಲಿ ಕೊರತೆಯಿರುವುದು ಹೆಚ್ಚಾಗಿ ವ್ಯಾಕರಣದಲ್ಲಲ್ಲ, ಓದುವವರು ಯಾರೆಂದು ಅರಿತು ಬರೆಯುವ ಅಭ್ಯಾಸದಲ್ಲಿ. ವಿಶ್ವವಿದ್ಯಾಲಯದಲ್ಲಿ ಉತ್ತರವನ್ನು ಓದುವ ಅಧ್ಯಾಪಕರಿಗೆ ವಿಷಯ ಮೊದಲೇ ಗೊತ್ತಿರುತ್ತದೆ. ವಿದ್ಯಾರ್ಥಿಗೆ ಎಷ್ಟು ತಿಳಿದಿದೆ ಎಂದು ಅಳೆಯುವುದು ಅವರ ಕೆಲಸವಾದ್ದರಿಂದ, ಪೀಠಿಕೆ ಹಾಕಿ, ವಿಸ್ತರಿಸಿ, ತೀರ್ಮಾನವನ್ನು ಕೊನೆಗಿಟ್ಟರೂ ಪೂರ್ತಿ ಓದುತ್ತಾರೆ. ಕಚೇರಿಯಲ್ಲಿ ಓದುವವರಿಗೆ ವಿಷಯವೂ ಗೊತ್ತಿರುವುದಿಲ್ಲ, ಬಿಡುವೂ ಇರುವುದಿಲ್ಲ, ಮೇಲಾಗಿ ಓದಿದ ನಂತರ ಅವರು ಏನಾದರೊಂದು ಕ್ರಮ ಕೈಗೊಳ್ಳಬೇಕಾಗಿರುತ್ತದೆ.

ಯಂತ್ರವೊಂದು ಕೆಟ್ಟಿದೆ ಎನ್ನೋಣ. ಹೊಸಬರು ಅದನ್ನು ಯಾವಾಗ ತರಿಸಲಾಯಿತು, ಯಾರು ಪರೀಕ್ಷಿಸಿದರು ಎಂಬಲ್ಲಿಂದ ಆರಂಭಿಸಿ, ನಾಲ್ಕನೆಯ ಪ್ಯಾರಾದಲ್ಲಿ ಬಿಡಿಭಾಗ ಬೇಕೆಂದು ಕೇಳುತ್ತಾರೆ. ಅನುಭವಿಗಳ ಮೊದಲ ಸಾಲೇ ‘ಈ ಬಿಡಿಭಾಗದ ಖರೀದಿಗೆ ಗುರುವಾರದೊಳಗೆ ತಮ್ಮ ಒಪ್ಪಿಗೆ ಬೇಕು’ ಎಂದಿರುತ್ತದೆ. ಕಾರಣ ಆಮೇಲೆ ಬರುತ್ತದೆ.

ಆದ್ದರಿಂದ ಇಂಗ್ಲಿಷ್ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ‘ಇಮೇಲ್ ಬರೆಯಿರಿ’ ಎಂದಷ್ಟೇ ಹೇಳದೆ, ಅವರಿಂದ ಒಂದೇ ಸಂಗತಿಯನ್ನು ಗ್ರಾಹಕರಿಗೊಮ್ಮೆ, ಮೇಲಧಿಕಾರಿಗೊಮ್ಮೆ, ಸಹೋದ್ಯೋಗಿಗೊಮ್ಮೆ ಬರೆಸಬೇಕು; ಬಳಿಕ ಸಹಪಾಠಿಯೊಬ್ಬರು ಅದನ್ನು ಓದಿ, ತಾವು ಮಾಡಬೇಕಾದದ್ದೇನು ಎಂದು ಹೇಳಬಲ್ಲರೇ ಎಂದು ನೋಡಬೇಕು. ಹೇಳಲು ಆಗದಿದ್ದರೆ, ವ್ಯಾಕರಣದ ತಪ್ಪು ಒಂದೂ ಇಲ್ಲದಿದ್ದರೂ ಅದನ್ನು ಮತ್ತೆ ಬರೆಸಬೇಕೆಂಬುದು ನನ್ನ ದೃಢ ಅಭಿಪ್ರಾಯ.