ಸಣ್ಣ ಟೂರ್ನಿಗಳಿಗೆ ಎರಡು ಪುಟ ಯಾಕೆ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಮಹಿಳಾ ಟೆನಿಸ್‌ನ ಸಣ್ಣ ಟೂರ್ನಿಗಳಾದ ಡಬ್ಲ್ಯುಟಿಎ 125 ಮತ್ತು ಐಟಿಎಫ್ ಟೂರ್ನಿಗಳಿಗೆ ಎರಡು ಪುಟ ಕೊಟ್ಟಿದ್ದೀರಿ. ಹೆಸರೇ ಕೇಳದ ಆಟಗಾರ್ತಿಯರು, ಖಾಲಿ ಕುರ್ಚಿಗಳು. ಇದನ್ನೆಲ್ಲ ಯಾರು ಓದುತ್ತಾರೆ? ಚೆನ್ನಾಗಿ ಆಡುವವರು ಹೇಗಿದ್ದರೂ ಮೇಲೆ ಬಂದೇ ಬರುತ್ತಾರೆ. ಬಂದ ಮೇಲೆ ಬರೆದರೆ ಸಾಲದೇ? ಆ ಜಾಗವನ್ನು ಗ್ರ್ಯಾಂಡ್‌ಸ್ಲಾಮ್‌ಗಳಿಗೆ ಕೊಡಿ."

ಸಂಪಾದಕರ ಉತ್ತರ:

ನಿಮ್ಮ ಪತ್ರ ನೋಡಿ ಖುಷಿಯಾಯಿತು. ಇಷ್ಟವಾಗದ ಪುಟವನ್ನು ತಿರುವಿಹಾಕಿ ಸುಮ್ಮನಾಗುವವರೇ ಜಾಸ್ತಿ. ನೀವು ಎರಡೂ ಪುಟ ಓದಿ, ಬೇಡ ಅಂತ ಬರೆದು ಕಳಿಸಿದ್ದೀರಿ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೂ ಓದುತ್ತೀರಿ ಅನ್ನೋ ಧೈರ್ಯ ನನಗಿದೆ.

ಹೊಸ ಓದುಗರಿಗೆ ಒಂದು ಮಾತು: ಡಬ್ಲ್ಯುಟಿಎ ಅಂದರೆ ಮಹಿಳಾ ಟೆನಿಸ್ ಸಂಘ, ಅದರ ಮುಖ್ಯ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನದು 125 ದರ್ಜೆ. ಐಟಿಎಫ್ ಅಂದರೆ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ, ಅದರ ಟೂರ್ನಿಗಳು ಸಾಮಾನ್ಯವಾಗಿ ಇನ್ನೂ ಕೆಳಗಿನವು. ನಿಮ್ಮ ಮಾತಲ್ಲಿ ಸರಿ ಇರುವುದನ್ನು ಮೊದಲೇ ಒಪ್ಪುತ್ತೇನೆ. ವರ್ಷಕ್ಕೆ ನಾಲ್ಕೇ ಬಾರಿ ನಡೆಯುವ ಗ್ರ್ಯಾಂಡ್‌ಸ್ಲಾಮ್‌ನ ಎರಡನೇ ವಾರದ ಆಟಕ್ಕೆ ಸಾಟಿ ಇಲ್ಲ. ಸಣ್ಣ ಟೂರ್ನಿಗಳಲ್ಲಿ ಡಬಲ್ ಫಾಲ್ಟ್ (ಎರಡು ಸರ್ವ್‌ಗಳೂ ತಪ್ಪುವುದು) ಜಾಸ್ತಿ, ಕೈಗೆ ಬಂದ ಸೆಟ್ ಬಿಟ್ಟುಕೊಡುವುದೂ ಜಾಸ್ತಿ. ಅಲ್ಲಿಗೆ ಒಪ್ಪಿಗೆ ಮುಗಿಯಿತು. "ಬಂದ ಮೇಲೆ ಬರೆದರೆ ಸಾಲದೇ" ಅಂದಿರಲ್ಲ, ಅದು ಮಾತ್ರ ನನಗೆ ಸ್ವಲ್ಪವೂ ಹಿಡಿಸಲಿಲ್ಲ.

2021ರ ಅಮೆರಿಕ ಓಪನ್ ನೆನಪಿದೆಯಾ? 150ನೇ ರ‍್ಯಾಂಕಿನ ಎಮ್ಮಾ ರಾಡುಕಾನು ಅರ್ಹತಾ ಸುತ್ತಿನಿಂದ ಬಂದು, ಹತ್ತು ಪಂದ್ಯ ಆಡಿ, ಒಂದು ಸೆಟ್ಟನ್ನೂ ಸೋಲದೆ ಕಪ್ ಎತ್ತಿದರು. ಎಲ್ಲರೂ ಪವಾಡ ಅಂದರು. ಅದೇ ಆಗಸ್ಟ್‌ನಲ್ಲಿ, ಅಮೆರಿಕ ಓಪನ್‌ಗೆ ಸ್ವಲ್ಪ ಮುಂಚೆ, ಅವರು ಷಿಕಾಗೋದಲ್ಲಿ ಒಂದು 125 ಟೂರ್ನಿಯ ಫೈನಲ್ ಆಡಿದ್ದರು. ಎದುರಿಗೆ ಡೆನ್ಮಾರ್ಕ್‌ನ ಕ್ಲಾರಾ ಟೌಸನ್. ಇಬ್ಬರಿಗೂ ಆಗ 18 ವರ್ಷ. ಮೂರು ಸೆಟ್‌ಗಳ ಹೋರಾಟದಲ್ಲಿ ರಾಡುಕಾನು ಸೋತರು. ಆ ಪಂದ್ಯ ನೋಡಿದವರಿಗೆ ಈ ಹುಡುಗಿ ಯಾವ ಲಯದಲ್ಲಿದ್ದಾಳೆ ಅಂತ ಗೊತ್ತಿತ್ತು. ನೋಡದವರು ಪವಾಡ ಅಂದರು.

ಇದೊಂದೇ ಅಲ್ಲ. ಆಮೇಲೆ ಗ್ರ್ಯಾಂಡ್‌ಸ್ಲಾಮ್ ಗೆದ್ದ ಇನ್ನೂ ಮೂವರನ್ನು ನೋಡಿ. ಇಗಾ ಶ್ವಿಯಾಂಟೆಕ್ 2016ರಿಂದ 2018ರವರೆಗೆ ಐಟಿಎಫ್ ಟೂರ್ನಿಗಳಲ್ಲಿ ಏಳು ಫೈನಲ್ ಆಡಿ ಏಳನ್ನೂ ಗೆದ್ದಿದ್ದರು. ನವೋಮಿ ಒಸಾಕಾ 2015ರಲ್ಲಿ ಥಾಯ್ಲೆಂಡಿನ ಹುವಾ ಹಿನ್‌ನಲ್ಲಿ 125ರ ಫೈನಲ್ ಸೋತಿದ್ದರು. ಅರೀನಾ ಸಬಲೆಂಕಾ 2017ರಲ್ಲಿ ಮುಂಬೈ 125 ಗೆದ್ದಾಗ ಅವರ ಹೆಸರನ್ನು ಸರಿಯಾಗಿ ಬರೆಯಲು ಬರುತ್ತಿದ್ದವರೇ ಕಡಿಮೆ.

ಈ 125 ದರ್ಜೆ ಶುರುವಾಗಿದ್ದು 2012ರಲ್ಲಿ. ಆ ವರ್ಷ ನಡೆದದ್ದು ಎರಡೇ ಟೂರ್ನಿ, ತೈಪೆ ಮತ್ತು ಪುಣೆಯಲ್ಲಿ. ಪುರುಷರಲ್ಲಿ ಇಂಥದೇ ಮಟ್ಟದ ಚಾಲೆಂಜರ್ ಟೂರ್ನಿಗಳು 1978ರಿಂದಲೇ ಇವೆ ಅನ್ನೋದನ್ನು ಇಲ್ಲಿ ಗಮನಿಸಿ. ಪುಣೆಯ ಫೈನಲ್‌ನಲ್ಲಿ ಒಂದು ಕಡೆ 18 ವರ್ಷದ ಎಲಿನಾ ಸ್ವಿಟೊಲಿನಾ, ಇನ್ನೊಂದು ಕಡೆ 42 ವರ್ಷದ ಕಿಮಿಕೊ ಡಾಟೆ. ಡಾಟೆ 1996ರಲ್ಲಿ ನಿವೃತ್ತಿಯಾಗಿ, 2008ರಲ್ಲಿ ಜಪಾನಿನ ಗಿಫು ನಗರದ ಐಟಿಎಫ್ ಟೂರ್ನಿಯಿಂದ ಮರಳಿ ಆಡಲು ಶುರು ಮಾಡಿದವರು. ಒಬ್ಬರು ಏರುತ್ತಿದ್ದರು, ಇನ್ನೊಬ್ಬರು ವಾಪಸ್ ಬಂದಿದ್ದರು. ಗೆದ್ದದ್ದು ಸ್ವಿಟೊಲಿನಾ. ಇಂಥ ಜೋಡಿಯನ್ನು ಫೈನಲ್‌ನಲ್ಲಿ ನಿಲ್ಲಿಸುವ ಜಾಗದ ಬಗ್ಗೆ ಬರೆಯಬೇಡಿ ಅಂದರೆ ಹೇಗೆ?

ಈಗ ನಿಮ್ಮ "ಬಂದೇ ಬರುತ್ತಾರೆ" ಅನ್ನೋ ಮಾತಿಗೆ ಬರೋಣ. ಫ್ರಾನ್ಸ್‌ನ ಲೋಯಿಸ್ ಬ್ವಾಸೋಂ 2024ರ ಮೇನಲ್ಲಿ ಸೇಂಟ್-ಮಾಲೊ 125 ಗೆದ್ದರು. ಫ್ರೆಂಚ್ ಓಪನ್‌ಗೆ ವೈಲ್ಡ್ ಕಾರ್ಡೂ, ಅಂದರೆ ಸಂಘಟಕರು ತಾವೇ ಕೊಡುವ ಪ್ರವೇಶವೂ, ಸಿಕ್ಕಿತು. ಅದು ಶುರುವಾಗುವ ಮುನ್ನ ಪ್ಯಾರಿಸ್‌ನ ಇನ್ನೊಂದು 125 ಟೂರ್ನಿಯಲ್ಲಿ ಆಡುವಾಗ ಮೊಣಕಾಲಿನ ಲಿಗಮೆಂಟ್ ಹರಿಯಿತು. ವರ್ಷವೇ ಹೋಯಿತು. ಮತ್ತೆ ಸಣ್ಣ ಟೂರ್ನಿಗಳಿಂದ ಶುರು. 2025ರಲ್ಲಿ ಇನ್ನೊಂದು ವೈಲ್ಡ್ ಕಾರ್ಡ್ ಸಿಕ್ಕಾಗ ರ‍್ಯಾಂಕ್ 361. ಅಲ್ಲಿಂದ ಮೂರನೇ ರ‍್ಯಾಂಕಿನ ಜೆಸಿಕಾ ಪೆಗುಲಾ, ಆರನೇ ರ‍್ಯಾಂಕಿನ ಮಿರಾ ಆಂಡ್ರೀವಾ ಇಬ್ಬರನ್ನೂ ಸೋಲಿಸಿ ಸೆಮಿಫೈನಲ್ ತಲುಪಿದರು. ಕೊನೆಗೆ ಆ ವರ್ಷ ಕಪ್ ಗೆದ್ದ ಕೊಕೊ ಗಾಫ್‌ಗೆ ಸೋತರು. ಆ ಒಂದು ಓಟಕ್ಕೆ 6,90,000 ಯೂರೊ ಸಿಕ್ಕಿತು.

ನೋಡಿ, ಬಂದೇ ಬಿಟ್ಟರಲ್ಲ ಅಂತ ನೀವು ಹೇಳಬಹುದು. ನಾನು ಯೋಚಿಸುವುದು ಬೇರೆ. ಆ ವೈಲ್ಡ್ ಕಾರ್ಡ್ ಬೇರೆಯವರಿಗೆ ಹೋಗಿದ್ದರೆ? ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನ 128 ಜಾಗಗಳಲ್ಲಿ 104 ನೇರ ರ‍್ಯಾಂಕಿನಿಂದ ತುಂಬುತ್ತವೆ. 16 ಅರ್ಹತಾ ಸುತ್ತಿಗೆ. ವೈಲ್ಡ್ ಕಾರ್ಡ್ ಎಂಟೇ. ಗ್ರ್ಯಾಂಡ್‌ಸ್ಲಾಮ್ ನಡೆಸುವ ದೇಶದಲ್ಲಿ ಹುಟ್ಟದವರಿಗೆ ಆ ಎಂಟರಲ್ಲಿ ಒಂದು ಸಿಗುವುದು ತೀರಾ ಅಪರೂಪ. ಬಂದವರನ್ನು ನಾವು ಎಣಿಸುತ್ತೇವೆ. ದುಡ್ಡು ಮುಗಿದು 22ನೇ ವಯಸ್ಸಿಗೆ ರ‍್ಯಾಕೆಟ್ ಕೆಳಗಿಟ್ಟವರನ್ನು ಯಾರೂ ಎಣಿಸುವುದಿಲ್ಲ.

ದುಡ್ಡಿನ ಮಾತು ಬಂತು, ಹೇಳಿಯೇ ಬಿಡುತ್ತೇನೆ. 125 ದರ್ಜೆಯ ಎಷ್ಟೋ ಟೂರ್ನಿಗಳ ಇಡೀ ಬಹುಮಾನದ ಮೊತ್ತ 1,15,000 ಡಾಲರ್. ಸಿಂಗಲ್ಸ್, ಡಬಲ್ಸ್, ಅರ್ಹತಾ ಸುತ್ತು ಎಲ್ಲ ಸೇರಿ. 2025ರ ಅಮೆರಿಕ ಓಪನ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತ ಒಬ್ಬ ಆಟಗಾರ್ತಿಗೆ 1,10,000 ಡಾಲರ್, ಗೆದ್ದವರಿಗೆ 50 ಲಕ್ಷ ಡಾಲರ್. ಮೊದಲ ಸುತ್ತಿನವರಿಗೆ ಕೊಟ್ಟಿದ್ದು ತಪ್ಪು ಅಂತ ಖಂಡಿತ ಹೇಳುತ್ತಿಲ್ಲ. ಅಲ್ಲಿಗೆ ತಲುಪುವ ದಾರಿಯಲ್ಲಿ ಇಷ್ಟು ಬರಗಾಲ ಯಾಕೆ ಅಂತ ಕೇಳುತ್ತಿದ್ದೇನೆ. 2013ರ ಲೆಕ್ಕ ಹಿಡಿದು ಐಟಿಎಫ್ ತಾನೇ ಮಾಡಿದ ಅಧ್ಯಯನದ ಪ್ರಕಾರ, ಮಹಿಳೆಯರಲ್ಲಿ ಖರ್ಚಿಗೂ ಗಳಿಕೆಗೂ ಸರಿಹೋಗುತ್ತಿದ್ದುದು 253ನೇ ರ‍್ಯಾಂಕಿನ ಹತ್ತಿರ. ಅದೂ ಕೋಚ್‌ನ ಸಂಬಳ ಬಿಟ್ಟು!

ಇನ್ನೂ ಕೆಳಗೆ ಡಬ್ಲ್ಯು15 ಅನ್ನೋ ದರ್ಜೆ ಇದೆ. ಇಡೀ ಟೂರ್ನಿಗೆ 15,000 ಡಾಲರ್. ಮೊದಲ ಸುತ್ತಿನಲ್ಲಿ ಸೋತರೆ ಸುಮಾರು 150 ಡಾಲರ್. ಅಂಥ ಪಂದ್ಯಗಳನ್ನು ನಾನು ನೆಟ್‌ನಲ್ಲಿ ನೋಡುತ್ತಿರುತ್ತೇನೆ. ಒಂದೇ ಕ್ಯಾಮೆರಾ, ಕಾಮೆಂಟರಿ ಇಲ್ಲ. ಬಾಲ್ ಎತ್ತಿಕೊಡುವ ಮಕ್ಕಳಿಲ್ಲ. ಪಾಯಿಂಟ್ ಸೋತ ಹುಡುಗಿ ತಾನೇ ಬೇಲಿವರೆಗೆ ಹೋಗಿ, ರ‍್ಯಾಕೆಟ್ ಅಂಚಿನಿಂದ ಬಾಲನ್ನು ಕಾಲಿಗೆ ಒತ್ತಿ ಎತ್ತಿಕೊಂಡು, ಒಂದನ್ನು ಜೇಬಿಗೆ ಹಾಕಿ, ಇನ್ನೊಂದನ್ನು ಎದುರಾಳಿಗೆ ಹೊಡೆದು ಕೊಡುತ್ತಾಳೆ. ಗೆರೆಯ ತೀರ್ಪೂ ಕುರ್ಚಿಯಲ್ಲಿ ಕೂತ ಒಬ್ಬ ಅಂಪೈರ್‌ದೇ. ಬ್ರೇಕ್ ಪಾಯಿಂಟ್‌ನಂಥ ನಿರ್ಣಾಯಕ ಹೊತ್ತಲ್ಲಿ ಬಾಲ್ ಪಕ್ಕದ ಅಂಗಳಕ್ಕೆ ಉರುಳಿದರೆ ಎರಡೂ ಕಡೆ ಆಟ ನಿಲ್ಲುತ್ತದೆ. ಕೋಚ್ ಜೊತೆಗೆ ಬಂದಿರುವುದಿಲ್ಲ, ಹೋಟೆಲ್ ರೂಮನ್ನು ಇನ್ನೊಬ್ಬ ಆಟಗಾರ್ತಿಯ ಜೊತೆ ಹಂಚಿಕೊಂಡಿರುತ್ತಾರೆ. ಮರುದಿನ ಅದೇ ರೂಮ್‌ಮೇಟ್ ವಿರುದ್ಧ ಆಡಬೇಕಾಗಿ ಬರುವುದೂ ಉಂಟು.

ಇಂಥ ಪಂದ್ಯಗಳನ್ನು ಯಾರೂ ನೋಡುವುದಿಲ್ಲ ಅಂದುಕೊಂಡಿದ್ದೀರಿ ಅಲ್ವಾ? ಬೆಟ್ಟಿಂಗ್ ಕಂಪನಿಗಳು ನೋಡುತ್ತವೆ. ಸ್ಕೋರನ್ನು ಪಾಯಿಂಟ್ ಪಾಯಿಂಟಿಗೂ ಅವಕ್ಕೆ ಮಾರುವ ವ್ಯವಸ್ಥೆಯನ್ನು ಐಟಿಎಫ್ ಮಾಡಿಟ್ಟಿತ್ತು. ಟೆನಿಸ್‌ನ ಪ್ರಾಮಾಣಿಕತೆ ಪರಿಶೀಲಿಸಿದ ಸ್ವತಂತ್ರ ಸಮಿತಿ 2018ರಲ್ಲಿ 15,000 ಡಾಲರ್ ಟೂರ್ನಿಗಳ ಸ್ಕೋರ್ ಮಾರಾಟ ನಿಲ್ಲಿಸಿ ಅಂತ ಹೇಳಬೇಕಾಯಿತು. ಖರ್ಚಿಗೂ ಗಿಟ್ಟದ ಕಡೆ, ಬೇಕೆಂದೇ ಸೋಲಲು ಒಡ್ಡುವ ಆಮಿಷಕ್ಕೆ ಬೆಲೆ ಕಡಿಮೆ. ಕ್ರೀಡಾ ಪತ್ರಕರ್ತರು ಕಾಲಿಡದ ಜಾಗಕ್ಕೆ ಜೂಜುಕೋರರು ಮೊದಲೇ ಹೋಗಿ ಕೂತಿದ್ದರು. ಪತ್ರಿಕೆ ನಡೆಸುವವನಾಗಿ ನನಗೆ ಇದು ಬಹಳ ನೋವಿನ ಸಂಗತಿ. ಗಂಡಸರಿಗೂ ಹೆಂಗಸರಿಗೂ ಸಮಾನ ಬಹುಮಾನ ಅನ್ನೋ ಚರ್ಚೆಯೂ ಅಷ್ಟೇ, 2007ರಲ್ಲಿ ವಿಂಬಲ್ಡನ್ ಒಪ್ಪಿದ ಮೇಲೆ ಎಲ್ಲ ಮುಗಿಯಿತು ಅನ್ನೋ ಹಾಗೆ ಮಾತಾಡುತ್ತೇವೆ. 200ನೇ ರ‍್ಯಾಂಕಿನವರ ಪಾಡು ಆ ಚರ್ಚೆಯೊಳಗೆ ಬರುವುದೇ ಇಲ್ಲ.

ನನ್ನ ವೃತ್ತಿಯ ಒಬ್ಬರ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. 1970ರಲ್ಲಿ ಲಾಸ್ ಏಂಜಲೀಸ್‌ನ ಒಂದು ದೊಡ್ಡ ಟೂರ್ನಿ ಗಂಡಸರಿಗೆ 12,500 ಡಾಲರ್ ಇಟ್ಟು ಹೆಂಗಸರಿಗೆ 1,500 ಇಟ್ಟಿತು. ಅದನ್ನು ಪ್ರತಿಭಟಿಸಿ ಬಿಲ್ಲಿ ಜೀನ್ ಕಿಂಗ್ ಸೇರಿ ಒಂಬತ್ತು ಆಟಗಾರ್ತಿಯರು ಹೂಸ್ಟನ್‌ನಲ್ಲಿ ಬೇರೆಯದೇ ಪುಟ್ಟ ಟೂರ್ನಿ ಆಡಿದರು. ಒಬ್ಬೊಬ್ಬರು ಸಹಿ ಹಾಕಿದ್ದು ಒಂದು ಡಾಲರ್ ಒಪ್ಪಂದಕ್ಕೆ. ಅದನ್ನು ಏರ್ಪಡಿಸಿದ್ದು ಗ್ಲಾಡಿಸ್ ಹೆಲ್ಡ್‌ಮನ್, 'ವರ್ಲ್ಡ್ ಟೆನಿಸ್' ಪತ್ರಿಕೆಯ ಸಂಪಾದಕಿ. ಇವತ್ತಿನ ಮಹಿಳಾ ಟೆನಿಸ್ ಬೆಳೆದದ್ದು ಅಲ್ಲಿಂದ. ಆ ವಾರ ಯಾವುದಾದರೂ ಪತ್ರಿಕೆ "ಸಣ್ಣ ಟೂರ್ನಿ, ಬೇಡ ಬಿಡಿ" ಅಂದಿದ್ದರೆ ಅದು ಎಂಥ ಸುದ್ದಿಯನ್ನು ಕಳೆದುಕೊಳ್ಳುತ್ತಿತ್ತು!

ಹಾಗಾಗಿ ಎರಡು ಪುಟ ಹಾಗೇ ಇರುತ್ತದೆ. ಗ್ರ್ಯಾಂಡ್‌ಸ್ಲಾಮ್ ಸಮಯದಲ್ಲಿ ಅದರ ಪುಟ ಹೆಚ್ಚಿಸುತ್ತೇವೆ, ಇದನ್ನು ಕತ್ತರಿಸಿ ಅಲ್ಲ. ಮುಂದಿನ ಸಂಚಿಕೆಯಿಂದ 125 ಟೂರ್ನಿಗಳ ಅರ್ಹತಾ ಸುತ್ತಿನ ಸ್ಕೋರ್‌ಗಳನ್ನೂ ಹಾಕುತ್ತಿದ್ದೇವೆ. ಅದರಲ್ಲಿ ಯಾವುದಾದರೂ ಒಂದು ಹೆಸರು ಹಿಡಿದು ಒಂದು ವರ್ಷ ಹಿಂಬಾಲಿಸಿ ನೋಡಿ. ಆಮೇಲೂ ಈ ಪುಟ ದಂಡ ಅನ್ನಿಸಿದರೆ ಮತ್ತೆ ಬರೆಯಿರಿ, ಆ ಪತ್ರವನ್ನೂ ಪೂರ್ತಿ ಪ್ರಕಟಿಸುತ್ತೇನೆ.